ಉತ್ತರ ಬಂದ ಮೇಲೂ ಉಳಿದ ಪ್ರಶ್ನೆ

ಬಿ.ಎಸ್ಸಿ. ಮುಗಿಸುವಷ್ಟರಲ್ಲಿ ನಾನು ನೂರಾರು ಅವಕಲ ಸಮೀಕರಣಗಳನ್ನು, ಅಂದರೆ ಒಂದು ಫಲನವನ್ನೂ ಅದು ಬದಲಾಗುವ ದರವನ್ನೂ ಜೋಡಿಸುವ ಸಮೀಕರಣಗಳನ್ನು, ಬಿಡಿಸಿದ್ದೆ. ಸಮೀಕರಣ ಕಣ್ಣಿಗೆ ಬಿದ್ದ ಕೂಡಲೇ ಅದು ಚರಗಳನ್ನು ಬೇರ್ಪಡಿಸಬಹುದಾದದ್ದೋ, ಲೀನಿಯರೋ, ಎಕ್ಸಾಕ್ಟೋ, ಬರ್ನೂಲಿಯೋ ಎಂದು ಗುರುತಿಸಿ, ತಕ್ಕ ಸೂತ್ರ ಹಚ್ಚಿ, ಸ್ಥಿರಾಂಕ ಸೇರಿಸಿ, ಉತ್ತರದ ಕೆಳಗೆ ಗೆರೆ ಎಳೆಯುವುದು ಕೈಗೆ ಒಗ್ಗಿಹೋಗಿತ್ತು. ಎಂ.ಎಸ್ಸಿ. ಮೊದಲ ಸೆಮಿಸ್ಟರಿನ ಕಿರುಪರೀಕ್ಷೆಯಲ್ಲಿ ಬಂದ ಒಂದು ಪ್ರಶ್ನೆ ಆ ಅಭ್ಯಾಸವನ್ನು ಅಲುಗಾಡಿಸಿತು. ವೈ′ = ವೈ², ವೈ(0) = 1 (ವೈ′ ಎಂದರೆ ವೈ ಬದಲಾಗುವ ದರ, ಎರಡನೆಯದು ಆರಂಭಿಕ ಷರತ್ತು); ಇದರ ಪರಿಹಾರವನ್ನೂ ಆ ಪರಿಹಾರ ಯಾವ ಅಂತರದಲ್ಲಿ, ಅಂದರೆ ಎಕ್ಸ್‌ನ ಯಾವ ಬೆಲೆಗಳ ವ್ಯಾಪ್ತಿಯಲ್ಲಿ, ಸಿಂಧುವಾಗಿರುತ್ತದೆ ಎಂಬುದನ್ನೂ ಬರೆಯಬೇಕಾಗಿತ್ತು. ವೈ = 1/(1 − ಎಕ್ಸ್) ಎಂದು ಎರಡೇ ಸಾಲಿನಲ್ಲಿ ಬಿಡಿಸಿದ ನಾನು, ಅಂತರ ಎಂಬಲ್ಲಿ ‘1ನ್ನು ಬಿಟ್ಟು ಉಳಿದ ಎಲ್ಲ ವಾಸ್ತವ ಸಂಖ್ಯೆಗಳು’ ಎಂದು ತುಂಬಿದೆ. ಅರ್ಧ ಅಂಕ ಹೋಯಿತು.

ಹಾಸ್ಟೆಲಿಗೆ ಬಂದು ಆ ವಕ್ರರೇಖೆಯನ್ನು ಬರೆದು ನೋಡಿದಾಗ ತಪ್ಪು ತಿಳಿಯಿತು. ಎಕ್ಸ್ = 0ಯಿಂದ ಹೊರಟ ರೇಖೆ 1ರ ಹತ್ತಿರ ಬರುತ್ತಿದ್ದಂತೆ ಅನಂತಕ್ಕೆ ಏರಿಬಿಡುತ್ತದೆ; ಆಚೆ ಬದಿಯಲ್ಲಿರುವ ತುಂಡು ಅದೇ ಸೂತ್ರದಿಂದ ಬಂದದ್ದಾದರೂ ನಮ್ಮ ಆರಂಭಿಕ ಷರತ್ತಿಗೂ ಅದಕ್ಕೂ ಸಂಬಂಧವಿಲ್ಲ. ಆದ್ದರಿಂದ ಪರಿಹಾರ ಸಿಂಧುವಾಗುವುದು 1ಕ್ಕಿಂತ ಕಡಿಮೆ ಇರುವ ಎಕ್ಸ್‌ಗಳಿಗೆ ಮಾತ್ರ. ಇಷ್ಟು ಸರಳವಾದ, ಎಲ್ಲಿಯೂ ಒಡಕಿಲ್ಲದ ಸಮೀಕರಣದ ಪರಿಹಾರಕ್ಕೂ ಇಂಥ ಕೊನೆ ಇರಬಹುದೆಂಬುದು ನನ್ನನ್ನು ಬಹಳ ದಿನ ಕಾಡಿತು.

ಆಮೇಲೆ, ಆರಂಭದ ಬಿಂದುವಿನ ಸುತ್ತ ಒಂದೇ ಒಂದು ಪರಿಹಾರ ಇದೆ ಎಂದು ಭರವಸೆ ಕೊಡುವ ಪಿಕಾರ್ಡ್ ಪ್ರಮೇಯವನ್ನು ಬಾಯಿಪಾಠ ಮಾಡುವುದನ್ನು ಬಿಟ್ಟು, ಇದೇ ಸಮೀಕರಣದ ಮೇಲೆ ಅದನ್ನು ಕೈಯಾರೆ ಪ್ರಯೋಗಿಸಿದೆ. ಅದರ ವಿಧಾನ, ಒಂದು ಅಂದಾಜನ್ನು ಬಲಬದಿಗೆ ಹಾಕಿ ಅನುಕಲಿಸಿ (ಇಂಟಿಗ್ರೇಟ್ ಮಾಡಿ) ಮುಂದಿನ ಅಂದಾಜು ಪಡೆಯುವುದು. 1ರಿಂದ ಆರಂಭಿಸಿ ಒಮ್ಮೆ ಅನುಕಲಿಸಿದರೆ 1 + ಎಕ್ಸ್ ಬರುತ್ತದೆ. ಅದನ್ನು ವರ್ಗ ಮಾಡಿ ಮತ್ತೆ ಅನುಕಲಿಸಿದರೆ 1 + ಎಕ್ಸ್ + ಎಕ್ಸ್² + ಎಕ್ಸ್³/3. 1/(1 − ಎಕ್ಸ್)ನ ನಿಜವಾದ ಶ್ರೇಣಿಯಲ್ಲಿ ಎಕ್ಸ್³ರ ಸಹಗುಣಕ 1. ಮೂರನೆಯ ಸುತ್ತಿನಲ್ಲಿ ಆ 1/3 ತಾನಾಗಿಯೇ 1 ಆಗಿ ಸರಿಹೋದದ್ದನ್ನು ಕಂಡ ಸಂತೋಷ ಇಂದಿಗೂ ನೆನಪಿದೆ. ಮುಂದೆ, ಪ್ರಮೇಯ ಕೊಡುವ ಭರವಸೆ ಎಷ್ಟು ದೂರದ್ದು ಎಂದು ಲೆಕ್ಕ ಹಾಕಿದೆ. ವೈ ಬೆಲೆ 1ರಿಂದ ಬಿ ದೂರದೊಳಗಿದ್ದರೆ ಇಳಿಜಾರು (1 + ಬಿ)²ನ್ನು ಮೀರುವುದಿಲ್ಲ, ಆದ್ದರಿಂದ ಭರವಸೆಯ ಅಂತರ ಬಿ/(1 + ಬಿ)². ಬಿ = 1 ಆದಾಗ ಇದು ಅತಿ ಹೆಚ್ಚು, ಅಂದರೆ 1/4. ಪ್ರಮೇಯ 1/4ರವರೆಗೆ ಮಾತು ಕೊಡುತ್ತದೆ, ಪರಿಹಾರವಾದರೋ 1ರವರೆಗೆ ಹೋಗುತ್ತದೆ. ಪಠ್ಯದಲ್ಲಿ ಬರುವ ‘ಸ್ಥಳೀಯ’ ಎಂಬ ವಿಶೇಷಣದ ತೂಕ ನನಗೆ ಗೊತ್ತಾದದ್ದು ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆದಾಗ.

ವೈ ಬದಲಾದಂತೆ ಬಲಬದಿ ಮಿತಿಮೀರಿದ ವೇಗದಲ್ಲಿ ಬದಲಾಗಬಾರದು ಎಂದು ಈ ಪ್ರಮೇಯ ಕೇಳುವ ಲಿಪ್‌ಶಿಟ್ಸ್ ಷರತ್ತಿನ ಅಗತ್ಯ ಕಂಡದ್ದು ವೈ′ = 3ವೈ^(2/3), ವೈ(0) = 0 ಎಂಬ ಸಮೀಕರಣದಲ್ಲಿ. ಇದಕ್ಕೆ ಸೊನ್ನೆಯೂ ಪರಿಹಾರ, ಎಕ್ಸ್³ ಕೂಡ ಪರಿಹಾರ. ಸಾಲದ್ದಕ್ಕೆ, 0ಯಿಂದ ಬೇಕಾದಷ್ಟು ದೂರ ಸೊನ್ನೆಯಲ್ಲೇ ಸಾಗಿ, ಎ ಎಂಬ ಬಿಂದುವಿನಿಂದ (ಎಕ್ಸ್ − ಎ)³ ಆಗಿ ಮೇಲೇಳುವ ರೇಖೆಗಳೂ ಪರಿಹಾರಗಳೇ. ಬಲಬದಿಯ ಫಲನ ಅವಿಚ್ಛಿನ್ನವಾಗಿರುವುದರಿಂದ (ಎಲ್ಲೂ ಕಡಿದುಹೋಗದೆ ಇರುವುದರಿಂದ), 1890ರಲ್ಲಿ ಗಣಿತಜ್ಞ ಪಿಯಾನೊ ತೋರಿಸಿದಂತೆ, ಪರಿಹಾರವೇನೋ ಇದ್ದೇ ಇರುತ್ತದೆ; ಆದರೆ ಅದು ಒಂದೇ ಎನ್ನಲು ಬೇಕಾದ ಷರತ್ತು ವೈ = 0ಯಲ್ಲಿ ಮುರಿದುಬೀಳುತ್ತದೆ.

ಇನ್ನೊಂದು ಅಭ್ಯಾಸ ಗ್ರಾಫ್ ಹಾಳೆಯದು. ವೈ′ = ಎಕ್ಸ್ − ವೈ ಸಮೀಕರಣಕ್ಕೆ −3ರಿಂದ 3ರವರೆಗಿನ 49 ಬಿಂದುಗಳಲ್ಲಿ ಪುಟ್ಟ ಇಳಿಜಾರು ಗೆರೆಗಳನ್ನು ಪೆನ್ಸಿಲಿನಲ್ಲಿ ಎಳೆದೆ. ಏನನ್ನೂ ಅನುಕಲಿಸದೆಯೇ ವೈ = ಎಕ್ಸ್ − 1 ಎಂಬ ರೇಖೆ ಎದ್ದು ಕಂಡಿತು: ಅದರ ಮೇಲಿನ ಪ್ರತಿ ಬಿಂದುವಿನಲ್ಲೂ ಸಮೀಕರಣ ಹೇಳುವ ಇಳಿಜಾರು 1, ರೇಖೆಯ ಇಳಿಜಾರೂ 1. ಉಳಿದ ಗೆರೆಗಳು ಮೇಲಿನಿಂದಲೂ ಕೆಳಗಿನಿಂದಲೂ ಅದರತ್ತ ಬಾಗಿದ್ದವು. ಬಳಿಕ ಇಂಟಿಗ್ರೇಟಿಂಗ್ ಫ್ಯಾಕ್ಟರಿನಿಂದ (ಅನುಕಲಿಸಲು ಬರುವಂತೆ ಸಮೀಕರಣವನ್ನು ಗುಣಿಸುವ ಪದದಿಂದ) ಬಿಡಿಸಿದಾಗ ಬಂದ ಘಾತೀಯ ಪದ ಎಕ್ಸ್ ಹೆಚ್ಚಿದಂತೆ ಸವೆದುಹೋಗುವುದನ್ನು ಓದಿ ಒಪ್ಪಿಕೊಳ್ಳಬೇಕಾಗಲಿಲ್ಲ. ಹಾಳೆಯ ಮೇಲೆ ಆಗಲೇ ಕಂಡಿತ್ತು.

ಎರಡನೆಯ ದರ್ಜೆಯ ಲೀನಿಯರ್ ಸಮೀಕರಣಗಳಿಗೆ (ವೈ ಮತ್ತು ಅದರ ದರಗಳು ಒಂದನೆಯ ಘಾತದಲ್ಲಷ್ಟೇ ಬರುವವುಗಳಿಗೆ) ಬಂದಾಗ, ಸಹಗುಣಕಗಳು ಅವಿಚ್ಛಿನ್ನವಾಗಿರುವ ಇಡೀ ಅಂತರದಲ್ಲಿ ಪರಿಹಾರವೂ ಇರುತ್ತದೆ ಎಂಬ ಪ್ರಮೇಯವನ್ನು ತರಗತಿಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದರು. ನಾನು ಮಾತ್ರ ಆ ಸಾಲಿನ ಪಕ್ಕದಲ್ಲಿ ವೈ′ = ವೈ² ಎಂದು ಬರೆದುಕೊಂಡು, ಲೀನಿಯರ್ ಅಲ್ಲದ್ದರಿಂದಲೇ ಇದಕ್ಕೆ ಆ ಭಾಗ್ಯವಿಲ್ಲ ಎಂದು ಗುರುತು ಹಾಕಿಕೊಂಡೆ.