ಟೂಲಿ ಮಂಜಿನ ದಿನ ದಡದಿಂದಲೇ ಬಾಸ್ ಹಿಡಿಯುವುದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಮತ್ತು ಸ್ಯಾನ್ ವಾಕೀನ್ ನದಿಗಳು ಕೂಡುವ ಮುಖಜಭೂಮಿಯಲ್ಲಿ ಚಳಿಗಾಲದ ಮಳೆಗೆ ನೆಲ ನೆನೆದು, ರಾತ್ರಿ ಗಾಳಿಯಿಲ್ಲದೆ ಆಕಾಶ ತಿಳಿಯಾಗಿದ್ದರೆ, ಬೆಳಗಾಗುವಷ್ಟರಲ್ಲಿ ಹತ್ತು ಮಾರು ದೂರದ ಮರವೂ ಕಾಣದಂತೆ ಮಂಜು ಕವಿಯುತ್ತದೆ. ಅಲ್ಲಿನ ಜೌಗಿನಲ್ಲಿ ಬೆಳೆಯುವ ಟೂಲಿ ಎಂಬ ಜೊಂಡಿನ ಹೆಸರೇ ಈ ಮಂಜಿಗೂ ಬಂದಿದೆ. ಇಂತಹ ದಿನ ಅನೇಕರು ಗಾಳವನ್ನು ಮನೆಯಲ್ಲೇ ಬಿಡುತ್ತಾರೆ. ದೋಣಿಯಿಲ್ಲದೆ ಏರಿಯ ಮೇಲೆ ನಿಂತು ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಸಿಹಿನೀರಿನ ಮೀನನ್ನು ಹಿಡಿಯಬಯಸುವವರಿಗೆ ಇದಕ್ಕಿಂತ ಅನುಕೂಲವಾದ ದಿನ ಚಳಿಗಾಲದಲ್ಲಿ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಗಾಳಿ ಇಲ್ಲದ್ದರಿಂದ ದಾರದ ಸಣ್ಣ ಅಲುಗಾಟವೂ ಕಣ್ಣಿಗೆ ಬೀಳುತ್ತದೆ. ಬೆಳಕು ಮಂದವಾಗಿರುವುದರಿಂದ ಮೀನು ದಡದ ಹತ್ತಿರ ಸುಳಿಯಲು ಅಷ್ಟಾಗಿ ಅಂಜುವುದಿಲ್ಲ.

ಹೊರಡುವ ಮೊದಲು ಪರವಾನಗಿ ನೋಡಿಕೊಳ್ಳಿ. 16 ವರ್ಷ ತುಂಬಿದವರೆಲ್ಲರಿಗೂ ಅದು ಕಡ್ಡಾಯ. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ನೆಲೆಸಿರುವ ಕನ್ನಡಿಗರಿಗೆ ಈ ನೀರು ಸುಮಾರು ಒಂದೂವರೆ ಗಂಟೆಯ ದಾರಿಯಾದರೂ, ಮಂಜಿನಲ್ಲಿ ಆ ಲೆಕ್ಕ ಹಿಡಿಯಬಾರದು. 2007ರ ನವೆಂಬರ್‌ನಲ್ಲಿ ಫ್ರೆಸ್ನೋ ಬಳಿ ಹೆದ್ದಾರಿ 99ರಲ್ಲಿ ಇದೇ ಮಂಜಿನಿಂದ 100ಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಹೆಡ್‌ಲೈಟನ್ನು ಲೋ ಬೀಮ್‌ನಲ್ಲೇ ಇಟ್ಟು ನಿಧಾನವಾಗಿ ಹೋಗಿ. ಅರ್ಧ ಗಂಟೆ ತಡವಾದರೆ ಮೀನಿನ ಲೆಕ್ಕದಲ್ಲಿ ಏನೂ ನಷ್ಟವಿಲ್ಲ.

ಬಾಸ್ ಶೀತರಕ್ತದ ಜೀವಿ. ನೀರು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದಾಗ ಅದರ ಜೀರ್ಣಕ್ರಿಯೆ ನಿಧಾನವಾಗಿ ಹಸಿವೂ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆಯ ಹಿಂದೆ ಓಡಿಬಂದು ಎರಗುವ ಮೀನು, ಈಗ ಮೂತಿಯ ಮುಂದೆ ಬಂದು ನಿಂತ ತುತ್ತನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತದೆ. ಜಾಗ, ಎರೆ, ಕೈಚಳಕ ಮೂರನ್ನೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಿರ್ಧರಿಸಬೇಕು.

ಜಾಗಕ್ಕೆ ಬಂದರೆ, ಆಳವು ದಡಕ್ಕೆ ಹತ್ತಿರವಿರುವ ಕಡೆಯನ್ನೇ ಆರಿಸಿಕೊಳ್ಳಿ. ಏರಿ ಸವೆಯದಿರಲೆಂದು ಹೊದಿಸಿದ ದೊಡ್ಡ ಕಲ್ಲುಗಳು ನೀರಿನೊಳಗೆ ಕಡಿದಾಗಿ ಇಳಿಯುವಲ್ಲಿ, ಅವುಗಳ ಸಂದುಗಳಲ್ಲಿ ಸಿಗಡಿಯಂತಹ ಕ್ರಾಫಿಶ್‌ಗಳು ಅಡಗಿರುತ್ತವೆ, ಅವನ್ನು ತಿನ್ನುವ ಬಾಸ್ ಆ ಕಲ್ಲುಗಳ ಬುಡದಲ್ಲಿ ಇರುತ್ತದೆ. ಸಮುದ್ರದ ಉಬ್ಬರ ಇಳಿತ ಇಲ್ಲಿಯವರೆಗೂ ತಟ್ಟುವುದರಿಂದ ವೇಳಾಪಟ್ಟಿ ನೋಡಿಕೊಂಡು, ನೀರು ನಿಂತ ಹೊತ್ತನ್ನು ಬಿಟ್ಟು, ಹರಿಯುವ ಹೊತ್ತಿಗೆ ಅಲ್ಲಿರಿ. ಅನೇಕ ಏರಿಗಳು ಖಾಸಗಿ ಜಮೀನಿಗೆ ಸೇರಿದವು. ಆದ್ದರಿಂದ ಬ್ರಾನನ್ ಐಲೆಂಡ್‌ನಂತಹ ಸಾರ್ವಜನಿಕ ಜಾಗಗಳಿಂದ ಆರಂಭಿಸುವುದು ಒಳ್ಳೆಯದು.

ಸಲಕರಣೆ ಹೆಚ್ಚು ಬೇಡ. ಏಳು ಅಡಿಯ, ಸ್ವಲ್ಪ ಬಿಗಿಯಾದ, ದಾರ ಸುತ್ತುವ ರೀಲ್ ಇರುವ ಒಂದು ರಾಡ್ (ಗಾಳದ ಕೋಲು), 12 ಪೌಂಡ್ ಭಾರ ತಡೆಯುವ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ, 10 ಗ್ರಾಂ ತೂಕದ ನಾಲ್ಕಾರು ಜಿಗ್‌ಗಳು ಸಾಕು. ಜಿಗ್ ಎಂದರೆ ತಲೆಗೆ ಲೋಹದ ಗುಂಡು ಕೂರಿಸಿ ರಬ್ಬರ್ ಎಳೆಗಳ ಕುಚ್ಚು ಕಟ್ಟಿದ ಗಾಳ. ಹಿಂಬದಿಗೆ ಕ್ರಾಫಿಶ್ ಆಕಾರದ ಪ್ಲಾಸ್ಟಿಕ್ ತುಂಡೊಂದನ್ನು ಚುಚ್ಚಿಕೊಳ್ಳಿ. ಕಂದು ಬಣ್ಣ ಒಳ್ಳೆಯದು.

ದಡದಲ್ಲಿ ನಿಂತವರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಗಾಳವನ್ನು ಶಕ್ತಿಯಿದ್ದಷ್ಟು ಬೀಸಿ ಹೊಳೆಯ ನಡುವಿಗೆ ಎಸೆಯುವುದು. ಮೀನು ಕಾಲಬುಡದಲ್ಲೇ ಇರುವಾಗ ಅದರಿಂದ ಫಲವಿಲ್ಲ. ನೀರಂಚಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ದಡದ ಗುಂಟ, ಅದಕ್ಕೆ ಸಮಾನಾಂತರವಾಗಿ ಎಸೆಯಿರಿ; ಆಗ ಎರೆಯು ದಾರಿಯುದ್ದಕ್ಕೂ ಮೀನಿರುವ ಆಳದಲ್ಲೇ ಸಾಗುತ್ತದೆ. ಜಿಗ್ ತಳ ಮುಟ್ಟಿದಾಗ ದಾರ ಸಡಿಲವಾಗುತ್ತದೆ. ಮನಸ್ಸಿನಲ್ಲೇ ಹತ್ತು ಎಣಿಸಿ. ಬಳಿಕ ರೀಲ್ ತಿರುಗಿಸದೆ, ರಾಡಿನ ತುದಿಯನ್ನು ಗೇಣಿನಷ್ಟು ಮಾತ್ರ ಎಳೆಯಿರಿ. ಜಿಗ್ ಒಂದು ಕಲ್ಲನ್ನು ಹತ್ತುವುದು, ನೆತ್ತಿಯಲ್ಲಿ ತುಸು ತಡೆಯುವುದು, ಆಚೆಯ ಸಂದಿಗೆ ಟಕ್ಕೆಂದು ಜಾರುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಮತ್ತೆ ಹತ್ತು ಎಣಿಸಿ. ಒಂದು ಎಸೆತ ಮುಗಿಯಲು ನಾಲ್ಕೈದು ನಿಮಿಷ ಹಿಡಿದರೆ ವೇಗ ಸರಿಯಾಗಿದೆ ಎಂದರ್ಥ.

ಚಳಿಗಾಲದ ಬಾಸ್ ಜಗ್ಗುವುದು ಅಪರೂಪ. ಒದ್ದೆ ಎಲೆಯೊಂದು ಸಿಕ್ಕಿಕೊಂಡಂತೆ ದಾರ ಸುಮ್ಮನೆ ಭಾರವಾಗುತ್ತದೆ, ಇಲ್ಲವೇ ನೀರನ್ನು ಮುಟ್ಟುವ ಜಾಗದಲ್ಲಿ ಒಂದಂಗುಲ ಪಕ್ಕಕ್ಕೆ ಸರಿಯುತ್ತದೆ. ಸಂದೇಹ ಬಂದೊಡನೆ ಸಡಿಲವನ್ನು ಸುತ್ತಿಕೊಂಡು ರಾಡನ್ನು ಬಲವಾಗಿ ಎತ್ತಿರಿ. ಎಲೆಯೇ ಆಗಿದ್ದರೂ ಕಳೆದುಕೊಳ್ಳುವುದೇನಿಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಮಂಜು ಹರಿದರೆ, ದಕ್ಷಿಣಕ್ಕೆ ಮುಖಮಾಡಿ ಬಿಸಿಲಿಗೆ ಕಾಯುವ ಕಲ್ಲುಗಳ ಕಡೆಗೆ ನಡೆದುಹೋಗಿ.

ಸಿಕ್ಕಿದ ಮೀನನ್ನು ಒದ್ದೆ ಕೈಯಿಂದ ಕೆಳದವಡೆ ಹಿಡಿದು ಎತ್ತಿ, ದೊಡ್ಡದಾಗಿದ್ದರೆ ಇನ್ನೊಂದು ಕೈಯನ್ನು ಹೊಟ್ಟೆಗೆ ಆನಿಸಿ. 12 ಅಂಗುಲಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ದೊಡ್ಡದನ್ನೂ ಬಿಟ್ಟುಬಿಡುವಂತೆ ನಾನು ಕೇಳಿಕೊಳ್ಳುತ್ತೇನೆ. 19ನೇ ಶತಮಾನದ ಚಿನ್ನದ ಗಣಿಗಾರಿಕೆಯಲ್ಲಿ ಬಳಸಿದ ಪಾದರಸ ಈ ನೀರಿನ ಕೆಸರಿನಲ್ಲಿ ಇಂದಿಗೂ ಇದ್ದು, ಬೇರೆ ಮೀನುಗಳನ್ನು ತಿಂದು ಬೆಳೆಯುವ ಬಾಸ್‌ನ ಮಾಂಸದಲ್ಲಿ ಅದು ಶೇಖರವಾಗುತ್ತದೆ. ವಿಶೇಷವಾಗಿ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ಬಡಿಸಬಾರದು. ನೀರಿನಲ್ಲಿ ಮೀನನ್ನು ನೆಟ್ಟಗೆ ಹಿಡಿದುಕೊಂಡಿರಿ. ಬಾಲ ಬೀಸಿ ತಾನಾಗಿಯೇ ಕೈಯಿಂದ ಜಾರುವವರೆಗೆ ಬಿಡಬೇಡಿ.