ಪ್ಲೇಟಿನಲ್ಲಿ ಫೈಲೇರಿಯಾ ಹುಳು ಸಾಕುವ ಬಗೆ

ಆನೆಕಾಲು ರೋಗ ತರುವ ಬ್ರೂಜಿಯಾ ಮಲಾಯಿ ಹುಳುವನ್ನು ಪ್ರಯೋಗಾಲಯದಲ್ಲಿ ‘ಬೆಳೆಸುತ್ತೇವೆ’ ಅನ್ನುವುದು ಅರ್ಧ ನಿಜ ಅಷ್ಟೇ. ಹುಳು ಹಾಕುವ ಸೂಕ್ಷ್ಮ ಮರಿ, ಅಂದರೆ ಮೈಕ್ರೋಫೈಲೇರಿಯಾ, ಸೊಳ್ಳೆಯ ಮೈಯೊಳಗೆ ಹೋಗದೆ ಮುಂದಿನ ಹಂತ ಮುಟ್ಟುವುದಿಲ್ಲ. ಸೊಳ್ಳೆಯಲ್ಲಿ ಬೆಳೆದ ಮೂರನೇ ಹಂತದ ಎಲ್3 ಲಾರ್ವಾ ಮರಿ ಹಾಕುವ ಹುಳುವಾಗಬೇಕಾದರೆ ಪ್ರಾಣಿಯ ದೇಹವೇ ಬೇಕು. ಪ್ಲೇಟಿನಲ್ಲಿ ನಡೆಯುವುದು ಬೆಳೆದ ಹುಳುವನ್ನು ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ, ಕಸುವು ಕುಂದದಂತೆ ಇಟ್ಟುಕೊಳ್ಳುವ ಕೆಲಸ. ಆ ಕಸುವು ಪ್ಲೇಟಿಗೆ ಹಾಕಿದ ಗಳಿಗೆಯಿಂದಲೇ ಇಳಿಯತೊಡಗುತ್ತದೆ. ಆದ್ದರಿಂದ ಪ್ರಯೋಗವನ್ನು ಮೊದಲ ಒಂದು ವಾರದೊಳಗೆ ಮುಗಿಯುವಂತೆ ಯೋಜಿಸಿ.

ಹುಳುಗಳ ಮೂಲ ಇಲಿಯಂಥ ಪ್ರಾಣಿ ಜರ್ಬಿಲ್. ಎಲ್3 ಲಾರ್ವಾಗಳನ್ನು ಅದರ ಹೊಟ್ಟೆಯ ಪೊಳ್ಳಿಗೆ ಚುಚ್ಚಿದರೆ ಹುಳುಗಳು ಅಲ್ಲೇ ಉಳಿದು ಬಲಿಯುತ್ತವೆ; ಮೂರು ತಿಂಗಳು ದಾಟಿದ ಮೇಲೆ ಪೊಳ್ಳನ್ನು ಬೆಚ್ಚಗಿನ ಮೀಡಿಯಂನಿಂದ (ಪೋಷಕ ದ್ರವ) ತೊಳೆದು ತೆಗೆಯಬಹುದು. ಸೊಳ್ಳೆಮನೆ, ಪ್ರಾಣಿಮನೆ, ನೈತಿಕ ಸಮಿತಿಯ ಒಪ್ಪಿಗೆ ಎಲ್ಲ ಇರುವವರಿಗೆ ಈ ದಾರಿ. ಉಳಿದವರು ಎಫ್‌ಆರ್‌3ಯಂತಹ ಸಂಗ್ರಹ ಕೇಂದ್ರದಿಂದ ಜೀವಂತ ಹುಳು ತರಿಸಿಕೊಳ್ಳುವುದೇ ವಾಸಿ.

ಮೀಡಿಯಂ ಸರಳ. 500 ಮಿ.ಲೀ.ಗೆ ಲೆಕ್ಕ ಹೀಗೆ: 25 ಮಿಲಿಮೋಲಾರ್ ಹೆಪಿಸ್ (ಆಮ್ಲೀಯತೆ ಏರುಪೇರಾಗದಂತೆ ತಡೆಯುವ ಬಫರ್) ಮತ್ತು ಗ್ಲುಟಮಿನ್ (ಒಂದು ಅಮೈನೋ ಆಮ್ಲ) ಇರುವ ಸಿದ್ಧ ಪೋಷಕ ದ್ರವ ಆರ್‌ಪಿಎಂಐ 1640 – 440 ಮಿ.ಲೀ.; 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಹುಟ್ಟದ ಕರುವಿನ ರಕ್ತದ ಸೀರಂ – 50 ಮಿ.ಲೀ.; ನೂರು ಪಟ್ಟು ಸಾಂದ್ರತೆಯ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ – 5 ಮಿ.ಲೀ.; ಮಿ.ಲೀ.ಗೆ 250 ಮೈಕ್ರೋಗ್ರಾಂ ಇರುವ ಬೂಸ್ಟುನಾಶಕ ಆಂಫೊಟೆರಿಸಿನ್ ಬಿ – 5 ಮಿ.ಲೀ. ನಾಲ್ಕು ಡಿಗ್ರಿಯಲ್ಲಿಟ್ಟು ತಿಂಗಳೊಳಗೆ ಖಾಲಿ ಮಾಡಿ. ಗ್ಲುಟಮಿನ್ ತಾನಾಗಿಯೇ ಒಡೆದು ಅಮೋನಿಯಾ ಬಿಡುತ್ತದೆ. ಸೀರಂ ಬ್ಯಾಚಿನಿಂದ ಬ್ಯಾಚಿಗೆ ಬೇರೆಯಾಗುತ್ತದೆ. ಹೊಸ ಬಾಟಲಿ ಬಂದರೆ ಮೊದಲು ನಾಲ್ಕಾರು ಹುಳುಗಳ ಮೇಲೆ ನೋಡಿ, ಆಮೇಲೆ ಇಡೀ ಪ್ರಯೋಗಕ್ಕೆ ಬಳಸಿ.

ಬ್ಯಾಕ್ಟೀರಿಯಾ ಕಾಟ ತಡೆಯಲಾಗದೆ ಕೆಲವರು ಡಾಕ್ಸಿಸೈಕ್ಲಿನ್ ಬೆರೆಸಿಬಿಡುತ್ತಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬ್ರೂಜಿಯಾ ಹುಳುವಿನ ಮೈಯಲ್ಲಿ, ಹೊರಪದರದಡಿಯ ಪಟ್ಟಿಗಳಲ್ಲೂ ಹೆಣ್ಣಿನ ಅಂಡಾಶಯದಲ್ಲೂ, ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಹುಳುವಿನ ಜೊತೆಗಾರನಾಗಿಯೇ ಬದುಕಿದೆ. ಅದು ಸತ್ತರೆ ಭ್ರೂಣ ಬೆಳೆಯುವುದಿಲ್ಲ. ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಜಾತಿಯವು, ರಿಫಾಂಪಿಸಿನ್ – ಇವೆರಡೂ ಮೀಡಿಯಂ ಹತ್ತಿರ ಸುಳಿಯಬಾರದು. ಸುಳಿದರೆ ಹುಳು ಅಲ್ಲಾಡುತ್ತಲೇ ಇರುತ್ತದೆ, ಮರಿ ಮಾತ್ರ ಬರುವುದಿಲ್ಲ. ಪರೀಕ್ಷಿಸುತ್ತಿದ್ದ ಔಷಧಿಯೇ ಕೆಲಸ ಮಾಡಿತೆಂದು ನೀವು ಬರೆದುಕೊಳ್ಳುತ್ತೀರಿ.

ಹುಳುಗಳು ಬರುವ ಮುನ್ನ ಬೇಕಾದಷ್ಟು ಮೀಡಿಯಂ ಅನ್ನು ಮುಚ್ಚಳ ಸಡಿಲಿಸಿ, 37 ಡಿಗ್ರಿ, ಶೇ. 5 ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಒಂದು ಗಂಟೆ ಇಡಿ. ದಾರಿಯಲ್ಲಿ ತಣ್ಣಗಾದ ಹುಳು ಸತ್ತಂತೆ ಮಲಗಿರುತ್ತದೆ. ಎಸೆಯಬೇಡಿ. ಬಂದ ಟ್ಯೂಬನ್ನೇ ಇನ್‌ಕ್ಯುಬೇಟರಿಗೆ ಸೇರಿಸಿ ಒಂದೆರಡು ಗಂಟೆ ಕಾದು ನೋಡಿ. ಹೆಣ್ಣು ಬಿಳಿ ದಾರದ ಎಳೆಯಂತೆ 43ರಿಂದ 55 ಮಿ.ಮೀ. ಉದ್ದ, ಗಂಡು ಅದರ ಅರ್ಧಕ್ಕಿಂತ ಕಡಿಮೆ, ಬಾಲದ ತುದಿ ಸುರುಳಿ. ಹುಳುಗಳು ಒಂದಕ್ಕೊಂದು ಹೆಣೆದುಕೊಂಡು ಗಂಟಾಗಿರುವುದು ಮಾಮೂಲು. ಚಿಮುಟದಿಂದ ಹಿಡಿದೆಳೆದರೆ ಹೊರಪದರ ಹರಿದು ಕರುಳು, ಗರ್ಭಕೋಶ ಹೊರಕ್ಕೆ ಚಿಮ್ಮುತ್ತವೆ. ಅಂಥ ಹುಳು ಒಂದು ದಿನವೂ ಬಾಳದು, ಅದರ ರಸ ಪಕ್ಕದವನ್ನೂ ಕೆಡಿಸುತ್ತದೆ. ಬೆಚ್ಚಗಿನ ಮೀಡಿಯಂನಲ್ಲಿ ಬಿಟ್ಟರೆ ಗಂಟು ತಾನೇ ಸಡಿಲವಾಗುತ್ತದೆ. ಬಾಗಿದ ಕಡ್ಡಿಯ ತುದಿಗೆ ಹುಳುವಿನ ನಡುವನ್ನು ತೂಗುಹಾಕಿ ಎತ್ತಿ, ಹಿಸುಕಬೇಡಿ.

ಮೂರು ಸಲ ಮೀಡಿಯಂ ಬದಲಿಸಿ ತೊಳೆದ ಮೇಲೆ 24 ವೆಲ್ (ಗುಳಿ) ಇರುವ ಪ್ಲೇಟಿನಲ್ಲಿ ವೆಲ್ಲಿಗೊಂದು ಹೆಣ್ಣು, 1 ಮಿ.ಲೀ. ಮೀಡಿಯಂ. ಅಂಚಿನ ವೆಲ್‌ಗಳು ಬೇಗ ಆರುತ್ತವೆ, ಲವಣ ಗಟ್ಟಿಯಾಗಿ ಹುಳು ಸೊರಗುತ್ತದೆ. ಅಲ್ಲಿ ಹುಳುವಿನ ಬದಲು ಸ್ಟೆರೈಲ್ ನೀರು ತುಂಬಿ. ಮೀಡಿಯಂ ದಿನಕ್ಕೊಮ್ಮೆ ಬದಲಿಸಿ, ಎರಡು ದಿನ ಮೀರಿ ಎಂದೂ ಬಿಡಬೇಡಿ. ಬಣ್ಣ ಕಣ್ಣಿಗೇ ಹೇಳುತ್ತದೆ: ನಸುಗೆಂಪು ತಿರುಗಿ ನೇರಳೆ ಕಡೆಗೆ ಹೋದರೆ ಗ್ಯಾಸ್ ಮುಗಿದಿದೆ ಅಥವಾ ಬಾಗಿಲು ಸರಿ ಮುಚ್ಚಿಲ್ಲ, ರಾತ್ರಿ ಕಳೆಯುವುದರೊಳಗೆ ಹಳದಿಯಾಗಿ ಮಬ್ಬಾದರೆ ಬ್ಯಾಕ್ಟೀರಿಯಾ. ಬೂಸ್ಟು ಬಂದ ವೆಲ್ ಉಳಿಸಿಕೊಳ್ಳುವ ಹಟ ಬೇಡ.

ಆರೋಗ್ಯ ನೋಡುವುದಕ್ಕೆ ಅಲ್ಲಾಟ ಒಂದೇ ಸಾಲದು. ಹಿಂದಿನ ದಿನದ ಮೀಡಿಯಂನ ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಡಿ. ಗಟ್ಟಿ ಹೆಣ್ಣು ಬಿಟ್ಟ ಮೈಕ್ರೋಫೈಲೇರಿಯಾ ಸುಮಾರು 200 ಮೈಕ್ರೋಮೀಟರ್ ಉದ್ದವಿರುತ್ತದೆ, ತನಗಿಂತ ಉದ್ದದ ತೆಳು ಚೀಲದೊಳಗೆ ಚಾವಟಿಯಂತೆ ಬಡಿದಾಡುತ್ತದೆ. ದಿನ ಕಳೆದಂತೆ ಇವು ಕಮ್ಮಿಯಾಗಿ ದುಂಡು ಮೊಟ್ಟೆಗಳೂ ಸುರುಳಿ ಸುತ್ತಿದ ಅರೆಬೆಳೆದ ಭ್ರೂಣಗಳೂ ಹೆಚ್ಚಾದರೆ ತಾಯಿ ಸೋಲುತ್ತಿದ್ದಾಳೆಂದೇ ಅರ್ಥ, ಮೈ ಎಷ್ಟೇ ಕುಣಿಯಲಿ. ಕೊನೆಯಲ್ಲಿ ಮಿ.ಲೀ.ಗೆ 0.5 ಮಿ.ಗ್ರಾಂ ಎಂಟಿಟಿ ಎಂಬ ಹಳದಿ ಬಣ್ಣದ ದ್ರಾವಣದಲ್ಲಿ 37 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಜೀವಂತ ಅಂಗಾಂಶ ಕಡುನೇರಳೆಯಾಗುತ್ತದೆ. ಬೇಕಂತಲೇ ಕಾಯಿಸಿ ಕೊಂದ ಹುಳುವೊಂದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಔಷಧಿ ಇಲ್ಲದೆ, ಅದನ್ನು ಕರಗಿಸಲು ಬಳಸಿದ ದ್ರಾವಕ ಡಿಎಂಎಸ್‌ಒ ಅಷ್ಟನ್ನೇ ಹಾಕಿದ ವೆಲ್ ಕೂಡ ಇರಲೇಬೇಕು.

ಎರಡು ವಾರ ಮೀರಿ ಬೇಕೆನ್ನುವವರು ಪ್ಲೇಟಿನ ತಳದಲ್ಲಿ ಮಂಗದ ಮೂತ್ರಪಿಂಡದ ಎಲ್‌ಎಲ್‌ಸಿ-ಎಂಕೆ2 ಕೋಶಗಳ ಹಾಸು ಬೆಳೆಸಿ ಅದರ ಮೇಲೆ ಹುಳು ಬಿಡುತ್ತಾರೆ. ಕೋಶಗಳೂ ಉಣ್ಣುವುದರಿಂದ ಮೀಡಿಯಂ ಬೇಗ ಹುಳಿಯುತ್ತದೆ.

ಎಲ್3ಯಿಂದ ಮುಂದಿನ ಹಂತವಾದ ಎಲ್4ಗೆ ಪೊರೆ ಬಿಡಿಸುವುದು ಬೇರೆಯೇ ಕಸುಬು. ಸೋಂಕಿನ ರಕ್ತ ಕುಡಿದ ಈಡಿಸ್ ಈಜಿಪ್ಟೈ ಸೊಳ್ಳೆಯಲ್ಲಿ ಎರಡು ವಾರಕ್ಕೆ ಸಿಗುವ ಲಾರ್ವಾ ಜೊತೆಗೆ ಸೊಳ್ಳೆಯ ಕರುಳಿನ ಬ್ಯಾಕ್ಟೀರಿಯಾ, ಬೂಸ್ಟು ಎಲ್ಲವನ್ನೂ ಹೊತ್ತು ತರುತ್ತದೆ. ಆರೇಳು ಸಲ ತೊಳೆಯದೆ ಪ್ಲೇಟಿಗೆ ಹಾಕಬೇಡಿ. 96 ವೆಲ್ ಪ್ಲೇಟಿನಲ್ಲಿ ವೆಲ್ಲಿಗೆ ಹತ್ತರಂತೆ ಬಿಡಿ. ಈ ಪೊರೆ ಕಳಚಲು ಸಿ ಜೀವಸತ್ವ ಬೇಕೇ ಬೇಕು: 75 ಮೈಕ್ರೋಮೋಲಾರ್, ಅಂದಂದೇ ಕರಗಿಸಿದ್ದು, ಏಕೆಂದರೆ ಗಾಳಿ ತಾಗಿ ಬೇಗ ಹಾಳಾಗುತ್ತದೆ. ಹಳೆ ಪೊರೆ ಪೂರ್ತಿ ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯಿರಿ, ತಲೆಯ ಬಳಿ ಸಿಕ್ಕಿಕೊಂಡಿದ್ದನ್ನು ಹಿಡಿಯಬೇಡಿ.

ಮನುಷ್ಯನಿಗೆ ಅಂಟುವ ಹಂತ ಈ ಎಲ್3ಯೇ. ಕೈಯಲ್ಲಿ ಗಾಯವಿದ್ದ ದಿನ ಮುಟ್ಟಬೇಡಿ, ಸೂಜಿ ಬಳಸಬೇಡಿ, ಎರಡು ಜೊತೆ ಕೈಗವಸು ಹಾಕಿ. ಸೊಳ್ಳೆಗೆ ಉಣಿಸುವ ಹೊತ್ತು ಬಿಟ್ಟರೆ ಮೈಕ್ರೋಫೈಲೇರಿಯಾ ಇರುವ ರಕ್ತ ಸೊಳ್ಳೆಮನೆಯಿಂದ ದೂರವಿರಲಿ. ಬಳಸಿದ ಪ್ಲೇಟು, ಪಿಪೆಟ್ಟು, ತೊಳೆದ ನೀರು ಯಾವುದೂ ಸಿಂಕಿಗೆ ಹೋಗದೆ ನೇರ ಆಟೋಕ್ಲೇವಿಗೆ, 121 ಡಿಗ್ರಿಯಲ್ಲಿ 20 ನಿಮಿಷ.