ಇಆರ್‌ಸಿಪಿ ಮುಗಿದ ಮೇಲಿನ ಮೊದಲ ರಾತ್ರಿ: ನನ್ನ ಅನುಭವ

ವಾರಕ್ಕೆ ಎರಡು ದಿನ ಕಾರವಾರದಲ್ಲಿ ರೋಗಿಗಳನ್ನು ನೋಡುವ ನಾನು ಇಆರ್‌ಸಿಪಿ ಮಾಡುವುದು ಹುಬ್ಬಳ್ಳಿಯಲ್ಲಿ. ನಡುವೆ ಅರಬೈಲು ಘಟ್ಟವಿದೆ. ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಹೊಟ್ಟೆ ಕೊಯ್ಯದೆ, ಬಾಯಿಯಿಂದ ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ) ಇಳಿಸಿ ತೆಗೆಯುವ ಈ ವಿಧಾನದ ಬಗ್ಗೆ ಕೇಳಿದವರಿಗೆ ಮೊದಲೆಲ್ಲ ‘ಹೆದರಬೇಡಿ’ ಎಂದಷ್ಟೇ ಹೇಳುತ್ತಿದ್ದೆ. ಈಗ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಇದರ ತೊಂದರೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಎಂಡೋಸ್ಕೋಪ್ ಹೊರಗೆ ತೆಗೆದ ಮೇಲೆ, ಕೆಲವೊಮ್ಮೆ ರೋಗಿ ಘಟ್ಟ ಇಳಿದು ಮನೆ ಸೇರಿದ ಮೇಲೆ.

ನನಗೆ ಪಾಠ ಕಲಿಸಿದವರು ಅಂಕೋಲಾ ಕಡೆಯ, ಮೂವತ್ತರ ಆಸುಪಾಸಿನ ಒಬ್ಬ ಮಹಿಳೆ. ಕಾಮಾಲೆ ಇರಲಿಲ್ಲ, ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಬಿಲಿರುಬಿನ್ ಸರಿಯಾಗಿತ್ತು, ಪಿತ್ತನಾಳವೂ ಸಣ್ಣದು. ಸ್ಕ್ಯಾನಿಂಗ್‌ನಲ್ಲಿ ಕಲ್ಲಿನ ಅನುಮಾನವಷ್ಟೇ ಇತ್ತು. ಮೊದಲು ಎಂಆರ್‌ಸಿಪಿ, ಎಂದರೆ ಒಳಗೆ ಏನನ್ನೂ ಇಳಿಸದೆ ಪಿತ್ತನಾಳವನ್ನು ತೋರಿಸುವ ಎಂಆರ್‌ಐ ಸ್ಕ್ಯಾನ್, ಮಾಡಿಸಿ ನೋಡಬೇಕಿತ್ತು. ಮಾಡಿಸದೆ ಹೋದದ್ದು ನನ್ನದೇ ತಪ್ಪು. ಸಣ್ಣ ಕರುಳಿನ ಆರಂಭದಲ್ಲಿರುವ ಪುಟ್ಟ ಉಬ್ಬಿನಲ್ಲಿ ಎರಡು ನಾಳಗಳು ಒಟ್ಟಿಗೆ ಬಾಯಿ ತೆರೆಯುತ್ತವೆ: ಗಡಿಯಾರದ ಹನ್ನೊಂದರ ದಿಕ್ಕಿಗೆ ಪಿತ್ತನಾಳ, ಒಂದರ ದಿಕ್ಕಿಗೆ ಮೇದೋಜೀರಕ ನಾಳ. ಅಂದು ಎಂಡೋಸ್ಕೋಪ್ ಮೂಲಕ ನಾಳಕ್ಕೆ ತೂರಿಸುವ ನನ್ನ ತಂತಿ ಮೂರು ಸಲ ಒಂದರ ಕಡೆಗೇ ಜಾರಿತು. ಕೊನೆಗೂ ಪಿತ್ತನಾಳ ಸಿಕ್ಕಿತು, ಆದರೆ ಅದರಲ್ಲಿ ಕಲ್ಲೇ ಇರಲಿಲ್ಲ. ಸಂಜೆಯ ಹೊತ್ತಿಗೆ ಬೆನ್ನಿಗೆ ಇರಿಯುವಂಥ ಹೊಟ್ಟೆನೋವು, ವಾಂತಿ. ಮೇದೋಜೀರಕ ಗ್ರಂಥಿಗೆ ಉರಿಯೂತವಾಗಿತ್ತು. ಒಂದು ದಿನದಲ್ಲಿ ಮನೆಗೆ ಹೋಗಬೇಕಿದ್ದವರು ಒಂಬತ್ತು ದಿನ ಮಲಗಿದರು.

ಇಆರ್‌ಸಿಪಿಯ ತೊಂದರೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಈ ಉರಿಯೂತವೇ. ವಯಸ್ಸು ಚಿಕ್ಕದಿದ್ದವರಲ್ಲಿ, ಹೆಂಗಸರಲ್ಲಿ, ಬಿಲಿರುಬಿನ್ ಸರಿಯಿರುವವರಲ್ಲಿ, ಹಿಂದೆ ಒಮ್ಮೆ ಇದೇ ಉರಿಯೂತ ಬಂದವರಲ್ಲಿ ಇದರ ಸಾಧ್ಯತೆ ಹೆಚ್ಚು. ಎಂದರೆ ಇಆರ್‌ಸಿಪಿಯ ಅಗತ್ಯ ಯಾರಿಗೆ ಕಡಿಮೆಯೋ ಅವರಿಗೇ ಅಪಾಯ ಜಾಸ್ತಿ. ಈಗ ನಾನು ಅಲರ್ಜಿ ಅಥವಾ ಮೂತ್ರಪಿಂಡದ ತೊಂದರೆ ಇಲ್ಲದವರಿಗೆಲ್ಲ ಉರಿಯೂತ ತಗ್ಗಿಸುವ ಇಂಡೊಮೆಥಾಸಿನ್ ಔಷಧವನ್ನು 100 ಮಿಲಿಗ್ರಾಂನಷ್ಟು ಗುದದ್ವಾರದ ಮೂಲಕ ಇಡಿಸುತ್ತೇನೆ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಅಪಾಯ ಹೆಚ್ಚಿದ್ದವರ ಪೈಕಿ ಉರಿಯೂತವಾದವರ ಪ್ರಮಾಣ ಔಷಧ ಪಡೆಯದ ಗುಂಪಿನಲ್ಲಿ ಶೇ 16.9 ಇದ್ದರೆ, ಪಡೆದ ಗುಂಪಿನಲ್ಲಿ ಶೇ 9.2 ಇತ್ತು. ಇಷ್ಟು ಅಗ್ಗದ ಔಷಧ ಇಷ್ಟು ಕೆಲಸ ಮಾಡುವುದು ಅಪರೂಪ. ಹೃದಯ, ಮೂತ್ರಪಿಂಡ ಸರಿಯಿದ್ದವರಿಗೆ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಧಾರಾಳವಾಗಿ ಕೊಡುತ್ತೇನೆ. ತಂತಿ ಮತ್ತೆ ಮತ್ತೆ ಮೇದೋಜೀರಕ ನಾಳಕ್ಕೆ ಹೋದರೆ ಅಲ್ಲಿಯೇ ಸಪೂರವಾದ ಪ್ಲಾಸ್ಟಿಕ್ ಸ್ಟೆಂಟ್ (ನಾಳವನ್ನು ತೆರೆದಿಡುವ ಪುಟ್ಟ ಕೊಳವೆ) ಇಟ್ಟು ಬರುತ್ತೇನೆ.

ರಕ್ತಸ್ರಾವದ ಕಥೆ ಬೇರೆ. ಕಲ್ಲು ಹೊರಬರಲು ನಾಳದ ಬಾಯನ್ನು ಕೊಯ್ದು ಅಗಲ ಮಾಡುತ್ತೇವೆ. ಆ ಗಾಯ ಎರಡು ವಾರದವರೆಗೂ ರಕ್ತ ಸುರಿಸಬಹುದು. ಶಿರಸಿಯ ಹತ್ತಿರದ ಅಡಿಕೆ ತೋಟದ ಹಿರಿಯರೊಬ್ಬರು ಹೃದಯಕ್ಕೆಂದು ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ನುಂಗುತ್ತಿದ್ದುದನ್ನು ಹೇಳಿರಲಿಲ್ಲ. ಆರನೆಯ ದಿನ ಅವರ ಮಗಳು ಫೋನ್ ಮಾಡಿ, “ಡಾಕ್ಟ್ರೇ, ಅಪ್ಪಂಗೆ ಎರಡು ಸಲ ಡಾಂಬರಿನ ಹಾಗೆ ಕಪ್ಪಗೆ ಹೋಗಿದೆ, ಕಬ್ಬಿಣದ ಮಾತ್ರೆಯಿಂದ ಇರಬಹುದಾ?” ಎಂದು ಕೇಳಿದರು. ಅದು ಒಳಗೆ ಸುರಿದ ರಕ್ತ ಇರಬಹುದು, ತಕ್ಷಣ ಹೊರಡಿ ಎಂದೆ. ರಕ್ತ ಕೊಟ್ಟು, ಗಾಯಕ್ಕೆ ಕ್ಲಿಪ್ ಹಾಕಿದ ಮೇಲೆ ನಿಂತಿತು. ಅಂದಿನಿಂದ ‘ಯಾವ ಮಾತ್ರೆ ತಗೊಳ್ತೀರಿ’ ಎಂದು ಕೇಳಿ ಸುಮ್ಮನಾಗದೆ, ಮಾತ್ರೆಯ ಚೀಲವನ್ನೇ ತರಿಸಿ ಮೇಜಿನ ಮೇಲೆ ಸುರಿಸುತ್ತೇನೆ. ಆದರೆ ಹೃದಯದ ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸುವುದಿಲ್ಲ.

ಕರುಳು ತೂತಾಗುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ, ಆದರೆ ಆದಾಗ ತಡಮಾಡುವಂತಿಲ್ಲ. ನೋವಿನ ಜತೆ ಹೊಟ್ಟೆ ಬಿಗಿದರೆ ಸಿಟಿ ಸ್ಕ್ಯಾನ್ ಮಾಡಿಸಿ ಶಸ್ತ್ರಚಿಕಿತ್ಸಕರನ್ನು ಕರೆಯುತ್ತೇನೆ. ಈ ಕಾರಣಕ್ಕೇ ಘಟ್ಟದ ಕೆಳಗಿನವರನ್ನು ಅದೇ ದಿನ ಮನೆಗೆ ಕಳಿಸುವುದಿಲ್ಲ. ‘ಬಸ್ಸು ಸಿಗುತ್ತದೆ, ಹೊರಡುತ್ತೇವೆ’ ಎಂದು ಒತ್ತಾಯಿಸಿದರೂ ಒಂದು ರಾತ್ರಿ ಉಳಿಸಿಕೊಳ್ಳುತ್ತೇನೆ.

ಸ್ಟೆಂಟ್ ಮರೆಯುವವರು ಇನ್ನೊಂದು ತಲೆನೋವು. ಜುಲೈಯಲ್ಲಿ, ಮೀನುಗಾರಿಕೆಗೆ ನಿಷೇಧವಿದ್ದಾಗ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ ಹಾಕಿಸಿಕೊಂಡ ಕಾರವಾರದ ಬೈತಖೋಲ ಬಂದರಿನ ಮೀನುಗಾರರೊಬ್ಬರು, ಆಗಸ್ಟ್‌ನಲ್ಲಿ ಬೋಟ್ ಹತ್ತಿದವರು ಆ ಕಡೆ ತಿರುಗಿ ನೋಡಲಿಲ್ಲ. ಮೂರು ತಿಂಗಳಲ್ಲಿ ತೆಗೆಸಬೇಕಿದ್ದ ಸ್ಟೆಂಟ್ ಜನವರಿಯ ಹೊತ್ತಿಗೆ ಕಟ್ಟಿಕೊಂಡು, ಕಣ್ಣು ಹಳದಿಯಾಗಿ, ಮೈ ನಡುಗುವ ಚಳಿಜ್ವರದಲ್ಲಿ ಬಂದರು. ಹೊರತೆಗೆದ ಸ್ಟೆಂಟಿನ ತುಂಬ ಕಂದು ಕೆಸರು. ಆಮೇಲೆ ಒಂದು ರೂಲು ಪುಸ್ತಕ ಇಟ್ಟಿದ್ದೇನೆ: ಹೆಸರು, ಸ್ಟೆಂಟ್ ಹಾಕಿದ ತಾರೀಖು, ತೆಗೆಯಬೇಕಾದ ತಾರೀಖು, ಎರಡು ಫೋನ್ ನಂಬರ್. ಎರಡನೆಯದು ಮನೆಯ ಹೆಂಗಸರದ್ದೇ ಆಗಿರಬೇಕು, ಏಕೆಂದರೆ ಬೋಟಿನ ಮೇಲಿರುವವರ ಫೋನ್ ತಾಗುವುದಿಲ್ಲ.